ರಾಮನ್ ಕಟ್ಟಿದ ಪತ್ರಿಕೆಗಳು, ನಾವು ಕಟ್ಟುವ ಶುಲ್ಕ

ಪ್ರತಿವರ್ಷ ಫೆಬ್ರುವರಿ 28ರಂದು ರಾಷ್ಟ್ರೀಯ ವಿಜ್ಞಾನ ದಿನವನ್ನು ಆಚರಿಸುವಾಗ ನಾವು ಸರ್ ಸಿ.ವಿ. ರಾಮನ್ ಅವರ ಬೆಳಕಿನ ಸಂಶೋಧನೆಯನ್ನೂ 1930ರಲ್ಲಿ ಅವರಿಗೆ ಸಂದ ನೊಬೆಲ್ ಪಾರಿತೋಷಕವನ್ನೂ ನೆನೆಯುತ್ತೇವೆ. ಆ ಸಂಶೋಧನೆ ಜಗತ್ತನ್ನು ತಲುಪಿದ ಬಗೆಯನ್ನು ನೆನೆಯುವವರು ಕಡಿಮೆ. ಸಂಶೋಧಕನೇ ಹಣ ತೆತ್ತು ತನ್ನ ಲೇಖನವನ್ನು ಪ್ರಕಟಿಸಬೇಕಾದ ಪದ್ಧತಿ ಬೇರೂರುತ್ತಿರುವ ಈ ದಿನಗಳಲ್ಲಿ ರಾಮನ್ ಅವರ ಬದುಕಿನ ಈ ಮಗ್ಗುಲನ್ನು ಗಮನಿಸುವುದು ಅಗತ್ಯವೆಂದು ನನಗೆ ತೋರುತ್ತದೆ.

1888ರ ನವೆಂಬರ್ 7ರಂದು ತಿರುಚಿನಾಪಳ್ಳಿಯ ಬಳಿ ಜನಿಸಿದ ರಾಮನ್, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದಾಗಲೇ, 1906ರಲ್ಲಿ, ಲಂಡನ್ನಿನ ಫಿಲಸಾಫಿಕಲ್ ಮ್ಯಾಗಝೀನ್‌ನಲ್ಲಿ ತಮ್ಮ ಮೊದಲ ಲೇಖನವನ್ನು ಪ್ರಕಟಿಸಿದರು. ಆದರೆ ವಿಜ್ಞಾನವನ್ನೇ ವೃತ್ತಿಯಾಗಿ ನಂಬಿ ಬದುಕುವ ಅವಕಾಶ ಅಂದಿನ ಭಾರತದಲ್ಲಿ ಇಲ್ಲವೆನ್ನುವಷ್ಟು ವಿರಳವಾಗಿತ್ತು. 1907ರಲ್ಲಿ ಅವರು ಹಣಕಾಸು ಇಲಾಖೆಯ ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಕಲ್ಕತ್ತೆಯಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಆದರು. ಸರ್ಕಾರದ ಕಡತಗಳ ನಡುವೆ ಆಯುಷ್ಯದ ಬಹುಭಾಗವನ್ನು ಕಳೆದ ನನ್ನಂಥವನಿಗೆ ಅವರ ಈ ಹತ್ತು ವರ್ಷಗಳ ಸೇವೆ ವಿಶೇಷ ಕುತೂಹಲದ ವಿಷಯ. ಕಚೇರಿಗೆ ಹೋಗುವ ಮುನ್ನ ಬೆಳಗಿನ ಹೊತ್ತು, ಕಚೇರಿ ಮುಗಿದ ಮೇಲೆ ರಾತ್ರಿಯವರೆಗೆ, ಅವರು ಬೌ ಬಜಾರ್ ಬೀದಿಯ ಇಂಡಿಯನ್ ಅಸೋಸಿಯೇಷನ್ ಫಾರ್ ದ ಕಲ್ಟಿವೇಷನ್ ಆಫ್ ಸೈನ್ಸ್‌ನ ಪ್ರಯೋಗಾಲಯದಲ್ಲಿರುತ್ತಿದ್ದರು. ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಸಾರ್ವಜನಿಕರ ದೇಣಿಗೆಯಿಂದ ಕಟ್ಟಿದ ಸಂಸ್ಥೆ ಅದು. ರಂಗೂನ್ ಮತ್ತು ನಾಗಪುರಗಳಿಗೆ ವರ್ಗವಾದಾಗಲೂ ಅವರ ಸಂಶೋಧನೆ ನಿಲ್ಲಲಿಲ್ಲ. 1917ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕ ಹುದ್ದೆ ಒದಗಿದಾಗ, ಬಡ್ತಿಯ ಭರವಸೆಯಿದ್ದ ಕೆಲಸವನ್ನು ತೊರೆದು, ಅದಕ್ಕಿಂತ ಬಹಳ ಕಡಿಮೆ ಸಂಬಳಕ್ಕೆ ಅವರು ಒಪ್ಪಿಕೊಂಡರು.

ಲೆಕ್ಕಪತ್ರ ಬಲ್ಲ ಈ ವಿಜ್ಞಾನಿಗೆ ಒಂದು ವಿಷಯ ಸ್ಪಷ್ಟವಾಗಿತ್ತು. ಪ್ರಯೋಗಾಲಯದಷ್ಟೇ ಮುಖ್ಯವಾದದ್ದು ಫಲಿತಾಂಶವನ್ನು ಪ್ರಕಟಿಸುವ ಸ್ವಂತ ಸಾಧನ. 1926ರಲ್ಲಿ ಅವರು ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್ ಪತ್ರಿಕೆಯನ್ನು ಆರಂಭಿಸಿದರು. ಅದರ ಪ್ರಯೋಜನ ಎರಡೇ ವರ್ಷಗಳಲ್ಲಿ ಕಂಡಿತು. ಕೆ.ಎಸ್. ಕೃಷ್ಣನ್ ಅವರ ಸಹಯೋಗದಲ್ಲಿ, ಕೆಲವೇ ನೂರು ರೂಪಾಯಿ ಬೆಲೆಯ ಸಲಕರಣೆಗಳಿಂದ 1928ರ ಫೆಬ್ರುವರಿ 28ರಂದು ಕಂಡುಕೊಂಡ ಪರಿಣಾಮವನ್ನು ಅವರು ಮಾರ್ಚ್ 16ರಂದು ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘ ಹಾಗೂ ಸೆಂಟ್ರಲ್ ಕಾಲೇಜಿನ ವಿಜ್ಞಾನ ಸಂಘಗಳ ಜಂಟಿ ಸಭೆಯಲ್ಲಿ ವಿವರಿಸಿದರು. ಆ ಉಪನ್ಯಾಸ ತಡವಿಲ್ಲದೆ ತಮ್ಮದೇ ಪತ್ರಿಕೆಯಲ್ಲಿ ಅಚ್ಚಾಯಿತು. ಅದರ ಪ್ರತಿಗಳನ್ನು ಅಂಚೆಯ ಮೂಲಕ ಹಲವು ದೇಶಗಳ ವಿಜ್ಞಾನಿಗಳಿಗೆ ಕಳುಹಿಸಲಾಯಿತು. ಬ್ರಿಟನ್ನಿನ ನೇಚರ್ ಪತ್ರಿಕೆಗೆ ಕಿರುಟಿಪ್ಪಣಿ ಕಳುಹಿಸುವುದನ್ನೂ ಅವರು ಮರೆಯಲಿಲ್ಲ. ಇದೇ ಪರಿಣಾಮವನ್ನು ಅದೇ ದಿನಗಳಲ್ಲಿ ಮಾಸ್ಕೋದ ಲಾಂಡ್ಸ್‌ಬರ್ಗ್ ಮತ್ತು ಮಾಂಡೆಲ್‌ಸ್ಟಾಮ್ ಹರಳುಗಳಲ್ಲಿ ಗುರುತಿಸಿದ್ದರು. ಅವರ ವರದಿ ಅಚ್ಚಾದದ್ದು ಕೆಲವು ತಿಂಗಳುಗಳ ನಂತರ. ಮಹತ್ವದ ಸಂಶೋಧನೆಯೊಂದರ ಯಶಸ್ಸಿನಲ್ಲಿ ಮುದ್ರಣಾಲಯಕ್ಕೂ ಅಂಚೆಚೀಟಿಗೂ ಪಾಲಿರುತ್ತದೆ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಸಿಗಲಾರದು.

1932ರ ಜುಲೈಯಲ್ಲಿ ಬೆಂಗಳೂರಿನಿಂದ ಕರೆಂಟ್ ಸೈನ್ಸ್ ಹೊರಬಂದಾಗ ಅದರ ಬೆಂಬಲಕ್ಕೆ ನಿಂತವರಲ್ಲಿ ರಾಮನ್ ಪ್ರಮುಖರು. ಮರುವರ್ಷ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಅವರೇ ಬೆಂಗಳೂರಿಗೆ ಬಂದರು. 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿ, ಅದೇ ವರ್ಷ ಅದರ ಪ್ರೊಸೀಡಿಂಗ್ಸ್ ಪತ್ರಿಕೆಯನ್ನು ಆರಂಭಿಸಿದರು. ದೇಶದ ಉತ್ತಮ ಸಂಶೋಧನೆಗಳೆಲ್ಲ ಹೊರಗಿನ ಪತ್ರಿಕೆಗಳ ಕೃಪೆಗೆ ಕಾಯುವಂತಾದರೆ ವೈಜ್ಞಾನಿಕ ಕೀರ್ತಿಯ ಕಟ್ಟಡ ಪೂರ್ಣವಾಗದು ಎಂಬುದು ಅವರ ವಾದದ ತಿರುಳು. 1937ರಲ್ಲಿ ನಿರ್ದೇಶಕ ಸ್ಥಾನವನ್ನು ಬಿಡಬೇಕಾಗಿ ಬಂದಾಗಲೂ, 1948ರ ನಂತರ ತಮ್ಮದೇ ಸಂಶೋಧನಾ ಸಂಸ್ಥೆಯಲ್ಲಿ ನೆಲೆಸಿದಾಗಲೂ, ಅಕಾಡೆಮಿಯ ಪತ್ರಿಕೆಗಳ ಹೊಣೆಯನ್ನು ಅವರು ಇಳಿಸಲಿಲ್ಲ.

ಈ ನಿಲುವಿಗೆ ಅವರು ಬೆಲೆಯನ್ನೂ ತೆತ್ತರು. ಉತ್ತರಾರ್ಧದಲ್ಲಿ ಅವರು ಹೆಚ್ಚಾಗಿ ಅಕಾಡೆಮಿಯ ಪತ್ರಿಕೆಗಳಲ್ಲೇ ಬರೆದರು. ಹರಳುಗಳ ಕಂಪನವನ್ನು ಕುರಿತು ಮ್ಯಾಕ್ಸ್ ಬಾರ್ನ್ ಅವರೊಡನೆ ನಡೆಸಿದ ವಾದದಲ್ಲಿ ಜಗತ್ತು ಬಾರ್ನ್ ಅವರ ಪರ ನಿಂತಿತು. ವಿದೇಶಗಳಲ್ಲಿ ರಾಮನ್ ಅವರ ಓದುಗರೂ ಕಡಿಮೆಯಾದರು. ಹಠಮಾರಿತನ ಅವರಲ್ಲಿತ್ತು, ನಿಜ. ಆದರೂ 1970ರ ನವೆಂಬರ್ 21ರಂದು ಕಣ್ಮುಚ್ಚುವ ಮೊದಲು, ಅಕಾಡೆಮಿಯ ಪತ್ರಿಕೆಗಳು ಸಾಯದಂತೆ ನೋಡಿಕೊಳ್ಳಬೇಕೆಂದು ಶಿಷ್ಯರೊಬ್ಬರಿಗೆ ಅವರು ಹೇಳಿದ್ದು ಬರಿಯ ಹಠವಲ್ಲ. ದೇಶದಲ್ಲಿ ನಡೆಯುವ ವಿಜ್ಞಾನದ ಮಟ್ಟವನ್ನು ಅಳೆಯುವ ಮಾಪಕ ಆ ಪತ್ರಿಕೆಗಳೆಂದು ಅವರು ನಂಬಿದ್ದರು.

ಇಂದಿನ ಸ್ಥಿತಿಯನ್ನು ನೋಡೋಣ. ವಿಜ್ಞಾನ ಎಲ್ಲರಿಗೂ ಉಚಿತವಾಗಿ ಓದಲು ಸಿಗಬೇಕೆಂಬ ಓಪನ್ ಆ್ಯಕ್ಸೆಸ್ ಚಳವಳಿಯ ಆಶಯ ಉದಾತ್ತವಾದದ್ದು. ಆದರೆ ಓದುಗನ ಚಂದಾ ಕೈತಪ್ಪುವಲ್ಲೆಲ್ಲ ದೊಡ್ಡ ಪ್ರಕಾಶಕರು ಆ ಹಣವನ್ನು ಲೇಖಕನಿಂದ ಕೇಳತೊಡಗಿದರು. 2021ರಲ್ಲಿ ನೇಚರ್ ನಿಗದಿಪಡಿಸಿದ ಶುಲ್ಕ ಲೇಖನವೊಂದಕ್ಕೆ 9,500 ಯೂರೊ, ಅಂದರೆ ಎಂಟು ಲಕ್ಷ ರೂಪಾಯಿಗೂ ಹೆಚ್ಚು. 2023ರಲ್ಲಿ ಪರಿಷ್ಕೃತವಾದ ಕಿರಿಯ ಸಂಶೋಧನಾ ವೇತನ ತಿಂಗಳಿಗೆ 37,000 ರೂಪಾಯಿ. ಒಂದು ಲೇಖನದ ಶುಲ್ಕ ಒಬ್ಬ ಸಂಶೋಧಕನ ಸುಮಾರು ಎರಡು ವರ್ಷಗಳ ವೇತನಕ್ಕೆ ಸಮ. ಶುಲ್ಕ ಕೊಡದೆಯೂ ಅಲ್ಲಿ ಪ್ರಕಟಿಸಬಹುದು, ಆದರೆ ಆಗ ಲೇಖನ ಚಂದಾದಾರರಿಗಷ್ಟೇ ಮೀಸಲು. ಎಲ್ಲ ಪತ್ರಿಕೆಗಳ ದರ ಇಷ್ಟಿಲ್ಲವಾದರೂ, ಸಾಧಾರಣ ಕಾಲೇಜಿನ ಅಧ್ಯಾಪಕನಿಗೆ ಒಂದೂವರೆ ಎರಡು ಲಕ್ಷವೂ ಎಟುಕದ ಮೊತ್ತವೇ.

ಬಡ ದೇಶಗಳಿಗೆ ವಿನಾಯಿತಿ ಇದೆ ಎನ್ನಬಹುದು. ಕೆಲವು ಪ್ರಕಾಶಕರ ನಿಯಮದಂತೆ, ಕೆಳ ಮಧ್ಯಮ ಆದಾಯದ ದೇಶಕ್ಕೆ ರಿಯಾಯಿತಿ ಸಿಗಬೇಕಾದರೆ ಅದರ ಒಟ್ಟು ದೇಶೀಯ ಉತ್ಪನ್ನ 20,000 ಕೋಟಿ ಡಾಲರಿಗಿಂತ ಕಡಿಮೆಯಿರಬೇಕು. ವಿಶ್ವಬ್ಯಾಂಕ್ ಭಾರತವನ್ನು ಕೆಳ ಮಧ್ಯಮ ಆದಾಯದ ಗುಂಪಿನಲ್ಲೇ ಇರಿಸಿದೆ. ಆದರೆ ಜನಸಂಖ್ಯೆಯ ಬಲದಿಂದ ನಮ್ಮ ಒಟ್ಟು ಉತ್ಪನ್ನ ದೊಡ್ಡದು. ಹೀಗೆ ತಲಾ ಆದಾಯದಲ್ಲಿ ಹಿಂದುಳಿದವರು ಒಟ್ಟು ಆದಾಯದ ಲೆಕ್ಕದಲ್ಲಿ ಶ್ರೀಮಂತರಾಗುತ್ತೇವೆ. ಅರ್ಥಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಯೂ ಒಪ್ಪಲಾರದ ತರ್ಕವಿದು.

ಕೇಂದ್ರ ಸಚಿವ ಸಂಪುಟ 2024ರ ನವೆಂಬರ್‌ನಲ್ಲಿ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯನ್ನು ಅಂಗೀಕರಿಸಿತು. ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಪತ್ರಿಕೆಗಳು. ಜಿಲ್ಲಾ ಕೇಂದ್ರದ ಸರ್ಕಾರಿ ಕಾಲೇಜಿಗೂ ಇವು ತಲುಪುವುದು ಸ್ವಾಗತಾರ್ಹ. ಲೇಖನ ಶುಲ್ಕಕ್ಕೂ ಒಂದಿಷ್ಟು ನೆರವಿನ ಏರ್ಪಾಟು ಇದೆಯಾದರೂ, ಇದು ಮುಖ್ಯವಾಗಿ ಓದುವ ಹಕ್ಕಿನ ಖರೀದಿ. ಸಂಶೋಧನೆಗೆ ಹಣ ಕೊಡುವುದು ಬೊಕ್ಕಸ, ಅದನ್ನು ಪ್ರಕಟಿಸಲು ಶುಲ್ಕ ಕೊಡುವುದೂ ಅದನ್ನು ಓದಲು ಚಂದಾ ಕೊಡುವುದೂ ಅದೇ ಬೊಕ್ಕಸ. ಲೇಖನಗಳ ಗುಣಮಟ್ಟ ಪರಿಶೀಲಿಸುವ ವಿದ್ವಾಂಸರು ಸಾಮಾನ್ಯವಾಗಿ ಸಂಭಾವನೆಯಿಲ್ಲದೆ ದುಡಿಯುತ್ತಾರೆ.

ಮಾಡಬಹುದಾದದ್ದು ಇದೆ. ಕೇಂದ್ರದ ವಿಜ್ಞಾನ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಗಳು 2014ರಲ್ಲೇ ರೂಪಿಸಿದ ನೀತಿಯಂತೆ, ಸರ್ಕಾರದ ನೆರವಿನಿಂದ ಬರೆದ ಲೇಖನಗಳ ಪ್ರತಿಯನ್ನು ಸಾರ್ವಜನಿಕ ಭಂಡಾರದಲ್ಲಿ ಇರಿಸಬೇಕು. ಅದನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸಲಿ. ಚಂದಾಕ್ಕೆ ಕೊಡುವ ಮೊತ್ತದ ಒಂದು ಸಣ್ಣ ಪಾಲಾದರೂ, ಲೇಖಕನಿಂದಲೂ ಓದುಗನಿಂದಲೂ ಹಣ ಕೇಳದ ದೇಶೀಯ ಪತ್ರಿಕೆಗಳಿಗೆ ಸಲ್ಲಲಿ. ಬಡ್ತಿಯ ಸಮಿತಿಗಳು ಪತ್ರಿಕೆಯ ಹೆಸರನ್ನು ನೋಡುವ ಬದಲು ಲೇಖನವನ್ನು ಓದಲಿ. ರಾಮನ್ ಅವರ ಪತ್ರಿಕೆಗಳು ಇಂದೂ ನಡೆಯುತ್ತಿವೆ. ಅಕಾಡೆಮಿಯ ಹಳೆಯ ಸಂಪುಟಗಳನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ಉಚಿತವಾಗಿ ಓದಬಹುದು. ಪರಾಧೀನ ದೇಶದಲ್ಲಿ ಒಬ್ಬ ಮಾಜಿ ಹಣಕಾಸು ಅಧಿಕಾರಿ ದೇಣಿಗೆ ಬೇಡಿ ನಡೆಸಿದ ಕೆಲಸವನ್ನು ಮುಂದುವರಿಸಲು ಸ್ವತಂತ್ರ ದೇಶದ ಹಣಕಾಸು ಅಧಿಕಾರಿಗಳಿಗೆ ಸಾಧ್ಯವಾಗಬೇಕು.