ಮಹನೀಯರ ಪರಿಚಯ: ಪೈಪಿನ ಥ್ರೆಡ್ಡಿಗೆ ಒಂದೇ ಅಳತೆ ತಂದ ಜೋಸೆಫ್ ವಿಟ್‌ವರ್ತ್



ಸೆಪ್ಟೆಂಬರ್ 15 ಬಂದರೆ ನಾವೆಲ್ಲ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು ನೆನೆಯುತ್ತೇವೆ. ನಮ್ಮ ಮನೆಯ ನಲ್ಲಿಗೂ ತೋಟದ ಪೈಪಿಗೂ ದಿನನಿತ್ಯ ಸಂಬಂಧವಿರುವ ಇನ್ನೊಬ್ಬ ಇಂಜಿನಿಯರ್ ಇದ್ದಾರೆ. ಅವರ ಹೆಸರು ನಮ್ಮಲ್ಲಿ ಹೆಚ್ಚು ಮಂದಿಗೆ ತಿಳಿದಿಲ್ಲ. ಅವರೇ ಇಂಗ್ಲೆಂಡಿನ ಸರ್ ಜೋಸೆಫ್ ವಿಟ್‌ವರ್ತ್.

ವಿಟ್‌ವರ್ತ್ ಹುಟ್ಟಿದ್ದು 1803ರ ಡಿಸೆಂಬರ್ 21ರಂದು, ಮ್ಯಾಂಚೆಸ್ಟರಿನ ಪಕ್ಕದ ಸ್ಟಾಕ್‌ಪೋರ್ಟ್ ಊರಿನಲ್ಲಿ. ತಂದೆ ಶಾಲಾ ಮಾಸ್ತರರು. ತಾಯಿ ಬೇಗ ತೀರಿಕೊಂಡರು. ಹದಿನಾಲ್ಕನೆಯ ವಯಸ್ಸಿಗೆ ಹುಡುಗನನ್ನು ಚಿಕ್ಕಪ್ಪನ ಹತ್ತಿ ಗಿರಣಿಗೆ ಕೆಲಸ ಕಲಿಯಲು ಕಳಿಸಿದರು. ಗಿರಣಿಯ ಲೆಕ್ಕಪತ್ರಕ್ಕಿಂತ ಯಂತ್ರಗಳ ಮೇಲೆಯೇ ಅವನ ಕಣ್ಣು. ಕೆಲವು ವರ್ಷಗಳಲ್ಲಿ ಗಿರಣಿ ಬಿಟ್ಟು ಮ್ಯಾಂಚೆಸ್ಟರಿನ ಯಂತ್ರದ ಕಾರ್ಖಾನೆಗಳಲ್ಲಿ ಕೂಲಿಗೆ ಸೇರಿದ. 1825ರಲ್ಲಿ ಲಂಡನ್ನಿಗೆ ಹೋಗಿ, ಆ ಕಾಲದ ಹೆಸರಾಂತ ಯಂತ್ರಶಿಲ್ಪಿ ಹೆನ್ರಿ ಮಾಡ್‌ಸ್ಲೇ ಅವರ ಕೈಕೆಳಗೆ ದುಡಿದ.

ಲಂಡನ್ನಿನ ದಿನಗಳಲ್ಲೇ ಅವರು ಲೋಹದ ಹಲಗೆಯನ್ನು ನಿಜವಾಗಿ ಸಮತಟ್ಟು ಮಾಡುವ ಕ್ರಮವನ್ನು ರೂಢಿಸಿಕೊಂಡರು. ಎರಡೇ ಹಲಗೆಗಳನ್ನು ಒಂದಕ್ಕೊಂದು ತಾಳೆ ನೋಡಿದರೆ, ಒಂದು ಉಬ್ಬಿ ಇನ್ನೊಂದು ತಗ್ಗಿ ಸರಿಯಾಗಿ ಕೂತಂತೆ ಕಂಡುಬಿಡಬಹುದು. ಮೂರು ಹಲಗೆಗಳನ್ನು ಸರದಿಯಂತೆ ತಾಳೆ ನೋಡಿ, ಉಬ್ಬಿದ ಕಡೆ ಕೆರೆಯುತ್ತ ಹೋದರೆ ಆ ಮೋಸಕ್ಕೆ ಎಡೆಯಿಲ್ಲ. ಮೂರೂ ಪರಸ್ಪರ ಕೂತರೆ ಮೂರೂ ಸಮತಟ್ಟೇ. ಇಂಥ ನಿಖರತೆಯೇ ಅವರ ಮುಂದಿನ ಕೆಲಸಕ್ಕೆಲ್ಲ ಬುನಾದಿ. 1833ರಲ್ಲಿ ಮ್ಯಾಂಚೆಸ್ಟರಿಗೆ ಮರಳಿ ಸ್ವಂತ ಕಾರ್ಖಾನೆ ತೆರೆದರು. ಮುಂದೆ ಒಂದು ಇಂಚಿನ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು ವ್ಯತ್ಯಾಸವನ್ನೂ ತೋರಿಸುವ ಅಳತೆಯ ಯಂತ್ರವನ್ನು ಮಾಡಿ, 1851ರ ಲಂಡನ್ ಮಹಾಪ್ರದರ್ಶನದ ಹೊತ್ತಿಗೆ ದೊಡ್ಡ ಹೆಸರಾದರು.

ಆಗಿನ ಕಾಲದಲ್ಲಿ ಪ್ರತಿ ಕಾರ್ಖಾನೆಗೂ ಅದರದೇ ಥ್ರೆಡ್. ಒಂದು ಕಡೆಯ ಬೋಲ್ಟು ಇನ್ನೊಂದು ಕಡೆಯ ನಟ್ಟಿಗೆ ಕೂರುತ್ತಿರಲಿಲ್ಲ. ಒಂದು ಬೋಲ್ಟು ಮುರಿದರೆ ಯಂತ್ರ ಮಾಡಿದವರ ಬಳಿಗೇ ಹೋಗಬೇಕಿತ್ತು. ವಿಟ್‌ವರ್ತ್ ಹಲವು ಕಾರ್ಖಾನೆಗಳಿಂದ ಸ್ಕ್ರೂಗಳನ್ನು ತರಿಸಿ, ಅಳೆದು, ಸರಾಸರಿ ತೆಗೆದರು. 1841ರಲ್ಲಿ ಲಂಡನ್ನಿನ ಸಿವಿಲ್ ಇಂಜಿನಿಯರುಗಳ ಸಂಸ್ಥೆಯ ಮುಂದೆ ತಮ್ಮ ಸಲಹೆ ಇಟ್ಟರು. ಥ್ರೆಡ್ಡಿನ ಕೋನ ಎಲ್ಲಕ್ಕೂ 55 ಡಿಗ್ರಿ. ತುದಿಯೂ ಬುಡವೂ ದುಂಡಗೆ. ಯಾವ ದಪ್ಪಕ್ಕೆ ಇಂಚಿಗೆ ಎಷ್ಟು ಸುತ್ತು ಎಂಬುದಕ್ಕೆ ಒಂದು ಪಟ್ಟಿ. ತಮ್ಮದೇ ಹೊಸದೊಂದನ್ನು ಹೇರುವ ಬದಲು ಎಲ್ಲರ ನಡುವಿನ ಅಳತೆಯನ್ನು ಹಿಡಿದರು. ರೈಲ್ವೆ ಕಂಪನಿಗಳು ಒಪ್ಪಿಕೊಂಡವು, ಉಳಿದವರು ಹಿಂಬಾಲಿಸಿದರು.

ಅವರು ಕೈಹಾಕಿದ್ದೆಲ್ಲ ಗೆಲ್ಲಲಿಲ್ಲ. ಆರು ಮೂಲೆಯ ನಳಿಕೆಯ ಬಂದೂಕೊಂದನ್ನು ಮಾಡಿದರು. 1857ರ ಪರೀಕ್ಷೆಯಲ್ಲಿ ಗುರಿಯಲ್ಲಿ ಅದು ಸೈನ್ಯದ ಬಂದೂಕನ್ನು ಮೀರಿಸಿತು. ಆದರೂ ಬೆಲೆ ಹೆಚ್ಚು, ನಳಿಕೆ ಬೇಗ ಮಸಿಗಟ್ಟುತ್ತದೆ ಎಂಬ ಕಾರಣಕ್ಕೆ ಸರ್ಕಾರ ಅದನ್ನು ಕೈಬಿಟ್ಟಿತು.

ಅವರ ಥ್ರೆಡ್ ಮಾತ್ರ ಬ್ರಿಟಿಷರ ರೈಲು, ಪಂಪು, ನೀರಿನ ಕೊಳವೆಗಳ ಜೊತೆ ನಮ್ಮ ದೇಶಕ್ಕೂ ಬಂತು. ಬೋಲ್ಟು ನಟ್ಟುಗಳು ಆಮೇಲೆ ಮೆಟ್ರಿಕ್ ಅಳತೆಗೆ ತಿರುಗಿದವು. ಪೈಪುಗಳು ಇಂದಿಗೂ ವಿಟ್‌ವರ್ತ್ ಕೋನದಲ್ಲೇ ಇವೆ. ಅಂಗಡಿಯಲ್ಲಿ ಬಿಎಸ್‌ಪಿ ಎನ್ನುವುದು ಇದನ್ನೇ. ನಮ್ಮ ಐಎಸ್ 554 ಎಂಬ ಮಾನಕವೂ ಇದನ್ನೇ ಅನುಸರಿಸುತ್ತದೆ. 1953ರಲ್ಲಿ ಹಿಂದೂಪುರ, ಕಲ್ಯಾಣದುರ್ಗಗಳು ಆಂಧ್ರಕ್ಕೆ ಸೇರಿದವು, ಪಾವಗಡ, ಗೌರಿಬಿದನೂರುಗಳು ಆ ಕಡೆ ಉಳಿದವು. ಆದರೆ ಆ ಕಡೆ ಕೊಂಡ ಎಲ್ಬೋ ಈ ಕಡೆಯ ಜಿಐ ಪೈಪಿಗೆ ತಕರಾರಿಲ್ಲದೆ ಕೂರುತ್ತದೆ.

ತಕರಾರು ಬರುವುದು ಅಮೆರಿಕದ ಅಳತೆ ನಡುವೆ ಸೇರಿಕೊಂಡಾಗ. ಅಲ್ಲಿ 1864ರಲ್ಲಿ ವಿಲಿಯಂ ಸೆಲ್ಲರ್ಸ್ ಎಂಬವರು 60 ಡಿಗ್ರಿಯ ಥ್ರೆಡ್ ಸೂಚಿಸಿದರು. ಅಲ್ಲಿನ ಪೈಪ್ ಥ್ರೆಡ್ಡಿಗೆ ಎನ್‌ಪಿಟಿ ಎಂದು ಹೆಸರು, ಕೋನ ಅದೇ 60. ವಿದೇಶಿ ಯಂತ್ರ, ಗೇಜು, ವಾಲ್ವುಗಳ ಜೊತೆ ಇದು ನಮ್ಮಲ್ಲಿಗೂ ಬರುತ್ತದೆ. ಅರ್ಧ ಇಂಚು, ಮುಕ್ಕಾಲು ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತು. ಹಾಗಾಗಿ ಹಿಡಿದಂತೆ ತೋರಿ, ನೀರು ಬಿಟ್ಟ ಮೇಲೆ ತೊಟ್ಟಿಕ್ಕುತ್ತದೆ. ಒಂದು ಇಂಚಿನಲ್ಲಿ ಬಿಎಸ್‌ಪಿಗೆ 11, ಎನ್‌ಪಿಟಿಗೆ ಹನ್ನೊಂದೂವರೆ ಸುತ್ತು. ನಾಲ್ಕಾರು ತಿರುವಿಗೇ ಬಿಗಿದುಕೊಳ್ಳುತ್ತದೆ. ಬಲವಂತ ಮಾಡಿದರೆ ಥ್ರೆಡ್ ಹಾಳು. ಎಷ್ಟು ಟೇಪು ಸುತ್ತಿದರೂ ಇದಕ್ಕೆ ಪರಿಹಾರವಿಲ್ಲ.

ಸದಸ್ಯರ ಉಪಯೋಗಕ್ಕೆ ನಾಲ್ಕು ಮಾತು:

1. ಅರ್ಧ ಇಂಚಿನ ಪೈಪ್ ಎಂದರೆ ಹೊರಗಿನ ಅಳತೆ ಅರ್ಧ ಇಂಚಲ್ಲ; ಥ್ರೆಡ್ಡಿನ ಹೊರ ಅಳತೆ ಸುಮಾರು 21 ಮಿ.ಮೀ. ಸ್ಕೇಲಿಟ್ಟು ಊಹಿಸುವ ಬದಲು ಹಳೆಯ ಫಿಟಿಂಗನ್ನೇ ಅಂಗಡಿಗೆ ಒಯ್ಯಿರಿ.

2. ಫಿಟಿಂಗಿನ ಮೇಲಿನ ಗುರುತು ನೋಡಿ. ಆರ್ ಅಥವಾ ಬಿಎಸ್‌ಪಿಟಿ ಎಂದರೆ ತುದಿಗೆ ಸಣ್ಣದಾಗುವ ಥ್ರೆಡ್. ಅದು ಥ್ರೆಡ್ಡಿನಲ್ಲೇ ಬಿಗಿಯುತ್ತದೆ, ಟೇಪು ಅಥವಾ ಸೆಣಬು ಬೇಕು. ಜಿ ಎಂದರೆ ಉದ್ದಕ್ಕೂ ಒಂದೇ ಅಳತೆ. ಅಲ್ಲಿ ನೀರು ತಡೆಯುವುದು ವಾಷರ್.

3. ಮೊದಲು ಟೇಪಿಲ್ಲದೆ ಕೈಯಲ್ಲೇ ತಿರುಗಿಸಿ ನೋಡಿ. ಸಲೀಸಾಗಿ ಕೆಲವು ಸುತ್ತು ಹೋಗದಿದ್ದರೆ ಪಾನಾ ಹಾಕಬೇಡಿ.

4. ಬೋರ್‌ವೆಲ್ಲಿಗೆ ಇಳಿಸುವ ಪಿವಿಸಿ ಕಾಲಂ ಪೈಪಿನದು ಬೇರೆಯೇ ಬಗೆಯ ಚೌಕ ಥ್ರೆಡ್. ಅದಕ್ಕೆ ಅದೇ ಕಂಪನಿಯ ಕಪ್ಲರ್ ಹಾಕುವುದು ಕ್ಷೇಮ.

ಮಳೆ ಕಡಿಮೆಯಾದ ನಮ್ಮ ಸೀಮೆಯಲ್ಲಿ ನೂರಾರು ಅಡಿ ಆಳದಿಂದ ಎತ್ತಿದ ನೀರು ಒಂದು ತಪ್ಪು ಜೋಡಣೆಯಲ್ಲಿ ಸೋರಿಹೋಗುವುದು ಸಣ್ಣ ನಷ್ಟವಲ್ಲ.

ವಿಟ್‌ವರ್ತರಿಗೆ 1869ರಲ್ಲಿ ಬ್ಯಾರನೆಟ್ ಪದವಿ ಸಿಕ್ಕಿತು. ಅದಕ್ಕೂ ಒಂದು ವರ್ಷ ಮೊದಲೇ, ಕೈಕೆಲಸವೂ ಓದೂ ಎರಡೂ ಬಲ್ಲ ಯುವಕರಿಗೆಂದು ವರ್ಷಕ್ಕೆ 3000 ಪೌಂಡುಗಳ ವಿದ್ಯಾರ್ಥಿವೇತನ ಸ್ಥಾಪಿಸಿದ್ದರು. ಅವರಿಗೆ ಮಕ್ಕಳಿರಲಿಲ್ಲ. 1887ರ ಜನವರಿ 22ರಂದು ಮಾಂಟೆ ಕಾರ್ಲೋದಲ್ಲಿ ತೀರಿಕೊಂಡಾಗ ಆಸ್ತಿಯ ಬಹುಪಾಲು ಜನೋಪಯೋಗಕ್ಕೆ ಸಂದಿತು. ಮ್ಯಾಂಚೆಸ್ಟರಿನಲ್ಲಿ ಅವರ ಹೆಸರಿನ ಕಲಾ ಗ್ಯಾಲರಿ ಇಂದಿಗೂ ಇದೆ, ವಿದ್ಯಾರ್ಥಿವೇತನವೂ ನಡೆಯುತ್ತಿದೆ. ನಮ್ಮಲ್ಲಿ ಐಟಿಐ ಓದುತ್ತಿರುವ ಮಕ್ಕಳಿಗೆ ಇವರ ಕಥೆಯನ್ನು ದಯವಿಟ್ಟು ಹೇಳಿ. ಗಿರಣಿಗೆ ಕೆಲಸ ಕಲಿಯಲು ಹೋದ ಹುಡುಗನ ಅಳತೆಯನ್ನೇ ಅವರು ದಿನವೂ ಡೈ ಹಿಡಿದು ಕೊರೆಯುತ್ತಿದ್ದಾರೆ.

– ಕಾರ್ಯದರ್ಶಿ