ಅಪ್ಗಾರ್ ಸ್ಕೋರ್ 7 ಬಂದರೆ ಮಗು ದಡ್ಡ ಆಗುತ್ತಾ? ಆ ಅಂಕ ಕೊಟ್ಟ ಡಾಕ್ಟರಮ್ಮನ ಕಥೆ ಓದಿ

ಹೆರಿಗೆ ಅರಸೀಕೆರೆಯಲ್ಲಾಗಲಿ, ಬೇಲೂರಿನಲ್ಲಾಗಲಿ, ಡಿಸ್ಚಾರ್ಜ್ ಕಾಗದದಲ್ಲಿ ಅಪ್ಗಾರ್ 7, 9 ಎಂಬಂತೆ ಎರಡು ಅಂಕಿ ಬರೆದಿರುವುದನ್ನು ನೀವು ನೋಡಿರಬಹುದು. ಹತ್ತಕ್ಕೆ ಏಳೇ ಬಂತಲ್ಲ ಎಂದು ಗಾಬರಿಯಾಗಬೇಡಿ. ಇದು ಪರೀಕ್ಷೆಯ ಮಾರ್ಕ್ಸ್ ಅಲ್ಲ.

ಯಾರು ಈ ಅಪ್ಗಾರ್?

ವರ್ಜಿನಿಯಾ ಅಪ್ಗಾರ್ ಹುಟ್ಟಿದ್ದು 1909ರಲ್ಲಿ, ಅಮೆರಿಕದ ನ್ಯೂಜೆರ್ಸಿಯಲ್ಲಿ. ಚಿಕ್ಕಂದಿನಲ್ಲೇ ಅಣ್ಣನೊಬ್ಬ ಕ್ಷಯಕ್ಕೆ ಬಲಿಯಾಗಿದ್ದ. 1933ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರ್ ಆದರು. ಸರ್ಜನ್ ಆಗುವ ಆಸೆ ಇತ್ತು. ಹೆಂಗಸರಿಗೆ ಆ ದಾರಿ ಕಷ್ಟವೆಂದು ಅವರ ಮೇಲಧಿಕಾರಿ ಅಲೆನ್ ವಿಪಲ್ ಅರಿವಳಿಕೆ ವಿಭಾಗದ ಕಡೆ ತಿರುಗಿಸಿದರು. ಅಲ್ಲೇ ಬೆಳೆದು, 1949ರಲ್ಲಿ ಆ ವೈದ್ಯಕೀಯ ಕಾಲೇಜಿನಲ್ಲಿ ಪೂರ್ಣ ಪ್ರೊಫೆಸರ್ ಹುದ್ದೆಗೇರಿದ ಮೊದಲ ಮಹಿಳೆಯಾದರು.

ಹೆರಿಗೆ ಕೋಣೆಯಲ್ಲಿ ಅವರು ಕಂಡದ್ದೇನು? ಎಲ್ಲರ ಗಮನವೂ ತಾಯಿಯ ಮೇಲೆ. ಉಸಿರಾಡದೆ ನೀಲಿಗಟ್ಟಿದ ಕೂಸನ್ನು ಬದುಕುವುದಿಲ್ಲವೆಂದು ಕೈಬಿಡುವುದೂ ಇತ್ತು. ಹಾಗಾಗಿ 1952ರಲ್ಲಿ ಅಪ್ಗಾರ್ ಐದು ಲಕ್ಷಣಗಳ ಪಟ್ಟಿ ಮಾಡಿದರು. ಒಂದೊಂದಕ್ಕೂ 0, 1 ಅಥವಾ 2 ಅಂಕ:

• ಎದೆಬಡಿತ
• ಉಸಿರಾಟ
• ಕೈಕಾಲಿನ ಬಿಗಿ
• ಮುಟ್ಟಿದಾಗ, ಕೆಣಕಿದಾಗ ಪ್ರತಿಕ್ರಿಯೆ
• ಮೈಬಣ್ಣ

ಒಂದನೇ ನಿಮಿಷಕ್ಕೊಮ್ಮೆ, ಐದನೇ ನಿಮಿಷಕ್ಕೊಮ್ಮೆ ನೋಡುವುದು ಈಗಿನ ರೂಢಿ. ಯಂತ್ರ ಬೇಕಿಲ್ಲ, ಖರ್ಚಿಲ್ಲ. ಅಂಕ ಬರೆಯಬೇಕಾದರೆ ಯಾರಾದರೂ ಮಗುವಿನ ಕಡೆ ತಿರುಗಿ ನೋಡಲೇಬೇಕು. ಪಟ್ಟಿಯ ಗುಟ್ಟು ಅಷ್ಟೇ.

ಅಲ್ಲಿಗೇ ಅವರು ನಿಲ್ಲಲಿಲ್ಲ. ಸ್ಟ್ಯಾನ್ಲಿ ಜೇಮ್ಸ್, ಡಂಕನ್ ಹಾಲಡೇ ಜೊತೆ ಸೇರಿ ನವಜಾತ ಶಿಶುಗಳ ರಕ್ತ ಪರೀಕ್ಷಿಸಿದರು. ಕಡಿಮೆ ಅಂಕದ ಮಕ್ಕಳ ರಕ್ತದಲ್ಲಿ ಆಮ್ಲಜನಕ ಕಡಿಮೆ, ಆಮ್ಲೀಯತೆ ಹೆಚ್ಚು ಎಂಬುದು ಕಂಡಿತು. ತಾಯಿಗೆ ಕೊಡುತ್ತಿದ್ದ ಸೈಕ್ಲೋಪ್ರೊಪೇನ್ ಎಂಬ ಅರಿವಳಿಕೆ ಅನಿಲ ಮಗುವನ್ನೂ ಮಂಕಾಗಿಸುತ್ತದೆ ಎಂಬುದೂ ತಿಳಿಯಿತು. 1974ರಲ್ಲಿ ಅಪ್ಗಾರ್ ತೀರಿಕೊಂಡರು. ಪಟ್ಟಿ ಇಂದಿಗೂ ಲೋಕದೆಲ್ಲೆಡೆ ಬಳಕೆಯಲ್ಲಿದೆ.

ತಪ್ಪು ತಿಳಿವಳಿಕೆ ಬೇಡ

ಕಡಿಮೆ ಅಂಕ ಬಂದರೆ ಮಗು ದಡ್ಡ ಆಗುತ್ತಾ? ಈ ಅಂಕ ಬುದ್ಧಿಯನ್ನು ಅಳೆಯುವುದಿಲ್ಲ. ಆ ಗಳಿಗೆಯಲ್ಲಿ ಮಗು ಹೇಗಿದೆ ಎಂದಷ್ಟೇ ಹೇಳುತ್ತದೆ. 7ರಿಂದ 10 ಬಂದರೆ ಸಮಾಧಾನಕರ.

ಆರೋಗ್ಯವಂತ ಮಗುವಿಗೆ 10 ಬರಲೇಬೇಕಾ? ಇಲ್ಲ. ಹುಟ್ಟಿದೊಡನೆ ಕೈಕಾಲು ಸ್ವಲ್ಪ ನೀಲಿಯಾಗಿರುವುದು ಸಾಮಾನ್ಯ. ಅದಕ್ಕೇ ಒಂದು ಅಂಕ ಹೋಗುತ್ತದೆ.

ದಿನ ತುಂಬದೆ ಹುಟ್ಟಿದರೆ? ಅಂಥ ಮಕ್ಕಳ ಸ್ನಾಯುಗಳಲ್ಲಿ ಬಿಗಿ ಕಡಿಮೆ, ಉಸಿರಾಟವೂ ಪಕ್ವವಾಗಿರುವುದಿಲ್ಲ. ಹಾಗಾಗಿ ಅಂಕ ಕಡಿಮೆ ಬರಬಹುದು.

ಅಂಕ ಬರೆಯುವ ತನಕ ಚಿಕಿತ್ಸೆಗೆ ಕಾಯುತ್ತಾರಾ? ಇಲ್ಲ. ಮಗು ಉಸಿರಾಡದಿದ್ದರೆ ಮೊದಲ ನಿಮಿಷದೊಳಗೇ ನೆರವು ಶುರುವಾಗಬೇಕು.

ನೆನಪಿಡಿ: ಮನೆಗೆ ಬಂದ ಮೇಲೆ ಕೂಸಿನ ತುಟಿ, ನಾಲಿಗೆ ನೀಲಿಯಾದರೆ, ಉಸಿರು ನಿಂತು ನಿಂತು ಬಂದರೆ ಮನೆಮದ್ದಿಗೆ ಹೊತ್ತು ಕಳೆಯಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ. ಮನೆಯಲ್ಲಿ ಬಾಣಂತಿ ಇರುವವರಿಗೆ ಇದನ್ನು ಕಳಿಸಿ.