ಕೆಮಿಸ್ಟ್ರಿ ಲ್ಯಾಬ್ ಬಿಟ್ಟು ಕೋಚ್ ಆದವನು: ನೂಟ್ ರಾಕ್ನಿ

ಫುಟ್‌ಬಾಲ್ ಅಂದ ತಕ್ಷಣ ನಮ್ಮ ಹಾಸ್ಟೆಲ್‌ನಲ್ಲಿ ಮೆಸ್ಸಿ ದೊಡ್ಡವನಾ, ರೊನಾಲ್ಡೋ ದೊಡ್ಡವನಾ ಅಂತ ಜಗಳ ಶುರುವಾಗುತ್ತೆ. ಅಮೆರಿಕದಲ್ಲಿ ಫುಟ್‌ಬಾಲ್ ಅಂದ್ರೆ ಬೇರೆಯೇ ಆಟ. ಮೊಟ್ಟೆ ಆಕಾರದ ಚೆಂಡು, ತಲೆಗೆ ಹೆಲ್ಮೆಟ್, ಮೈಗೆ ಪ್ಯಾಡ್. ಚೆಂಡನ್ನು ಕಾಲಿಗಿಂತ ಕೈಯಲ್ಲೇ ಜಾಸ್ತಿ ಆಡ್ತಾರೆ. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಇಲ್ಲಾಂದ್ರೆ ಚೆಂಡು ಎದುರಾಳಿ ಪಾಲು.

ಅಲ್ಲಿ ಕಾಲೇಜು ಟೀಮ್‌ಗಳ ಆಟಕ್ಕೆ ಇರೋ ಹುಚ್ಚು ನಮಗೆ ಊಹಿಸೋಕೂ ಕಷ್ಟ. ನಮ್ಮಲ್ಲಿ ಕಾಲೇಜು ಮ್ಯಾಚ್ ನೋಡೋಕೆ ಬರೋರು ಆಡೋ ಹುಡುಗರ ರೂಮ್‌ಮೇಟ್‌ಗಳು ಮಾತ್ರ. ಅಲ್ಲಿ ಲಕ್ಷ ಜನ ಕೂರೋ ಕಾಲೇಜು ಸ್ಟೇಡಿಯಂಗಳಿವೆ. ಯಾವ ಹೈಸ್ಕೂಲ್ ಹುಡುಗ ಯಾವ ಕಾಲೇಜಿಗೆ ಸೇರ್ತಾನೆ, ಯಾರ ಮೊಣಕಾಲು ಸರಿಯಾಯ್ತು, ಈ ಸಲ ಹಳೇ ವೈರಿಯನ್ನು ಸೋಲಿಸ್ತೀವಾ ಅನ್ನೋ ಚರ್ಚೆ ಸೀಸನ್ ಶುರುವಾಗೋಕೆ ತಿಂಗಳುಗಳ ಮೊದಲೇ ಬಿಸಿಯಾಗಿರುತ್ತೆ. ಈ ಹುಚ್ಚನ್ನು ದೇಶದ ತುಂಬಾ ಹಬ್ಬಿಸಿದವರಲ್ಲಿ ಒಬ್ಬ ನೂಟ್ ರಾಕ್ನಿ. ಆತನ ಕಥೆಯಲ್ಲಿ ಆಟ ಇದೆ, ಕೆಮಿಸ್ಟ್ರಿ ಇದೆ, ಒಂದು ಎಂಜಿನಿಯರಿಂಗ್ ಕಾಲೇಜು ಕೊಟ್ಟ ಭಾರಿ ಪೆಟ್ಟು ಇದೆ, ಕೊನೆಗೆ ಒಂದು ವಿಮಾನದ ರೆಕ್ಕೆಯೂ ಇದೆ. ಅದಕ್ಕೇ ನಮ್ಮ ಪತ್ರಿಕೆಯಲ್ಲಿ ಬರೀಬೇಕು ಅನ್ನಿಸ್ತು.

ಪೋಸ್ಟ್ ಆಫೀಸಿನಿಂದ ಕಾಲೇಜಿಗೆ

ರಾಕ್ನಿ ಹುಟ್ಟಿದ್ದು 1888ರ ಮಾರ್ಚ್ 4ರಂದು, ನಾರ್ವೆಯ ವಾಸ್ ಅನ್ನೋ ಊರಲ್ಲಿ. ಅಪ್ಪ ಕುದುರೆಗಾಡಿ ಮಾಡುತ್ತಿದ್ದ ಕುಶಲಕರ್ಮಿ. ಷಿಕಾಗೋದಲ್ಲಿ 1893ರಲ್ಲಿ ನಡೆದ ದೊಡ್ಡ ವಿಶ್ವ ಪ್ರದರ್ಶನಕ್ಕೆ ಅಂತ ಅಪ್ಪ ಅಮೆರಿಕಕ್ಕೆ ಬಂದ, ಹಿಂದೆಯೇ ಸಂಸಾರವೂ ಬಂತು. ಆಗ ಹುಡುಗನಿಗೆ ಐದು ವರ್ಷ. ಷಿಕಾಗೋದ ಬೀದಿಗಳಲ್ಲೇ ಇಂಗ್ಲಿಷ್ ಕಲಿತ, ಅಲ್ಲೇ ಫುಟ್‌ಬಾಲನ್ನೂ ಕಲಿತ.

ಹೈಸ್ಕೂಲ್ ಪೂರ್ತಿ ಮಾಡಲಿಲ್ಲ. ಷಿಕಾಗೋ ಅಂಚೆ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ, ಹಣ ಕೂಡಿಟ್ಟ. ನಮ್ಮಲ್ಲಿ ಬಹಳಷ್ಟು ಜನ ಡಿಗ್ರಿ ಮುಗಿಸೋ ವಯಸ್ಸಲ್ಲಿ, ಅಂದ್ರೆ 22ನೇ ವಯಸ್ಸಲ್ಲಿ, ಆತ ಕಾಲೇಜಿಗೆ ಕಾಲಿಟ್ಟಿದ್ದು. ವರ್ಷ 1910, ಕಾಲೇಜು ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಊರಿನ ನೋಟರ್ ಡೇಮ್. ಅಲ್ಲಿಗೆ ಹೋಗೋಕೆ ದೊಡ್ಡ ಕಾರಣ ಏನಿಲ್ಲ. ಗೆಳೆಯರು ಹೋಗ್ತಿದ್ರು, ಖರ್ಚೂ ಕಡಿಮೆ ಅಂತ ಕೇಳಿದ್ದ. ಅದು ಕ್ಯಾಥೊಲಿಕ್ ಪಾದ್ರಿಗಳ ಕಾಲೇಜು, ಈತ ಲೂಥರನ್. ಕ್ಲಾಸಿನಲ್ಲಿ ಎಲ್ಲರಿಗಿಂತ ವಯಸ್ಸಾದವನು, ತಲೆಗೂದಲು ಆಗಲೇ ಉದುರೋಕೆ ಶುರುವಾಗಿತ್ತು.

ಆತ ಓದಿದ್ದು ಫಾರ್ಮಸಿ. ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಜೂಲಿಯಸ್ ನ್ಯೂಲಂಡ್ ಅನ್ನೋ ಪಾದ್ರಿ ಪ್ರೊಫೆಸರ್‌ಗೆ ಸಹಾಯಕನಾಗಿದ್ದ. ಈ ನ್ಯೂಲಂಡ್ ಅಸಿಟಿಲೀನ್ ಮೇಲೆ ಮಾಡಿದ ಸಂಶೋಧನೆಯಿಂದಲೇ ಮುಂದೆ ಡ್ಯುಪಾಂಟ್ ಕಂಪನಿ ನಿಯೋಪ್ರೀನ್ ಅನ್ನೋ ಕೃತಕ ರಬ್ಬರ್ ಮಾಡಿದ್ದು. ರಾಕ್ನಿ 1914ರಲ್ಲಿ ಒಳ್ಳೇ ಮಾರ್ಕ್ಸ್ ತಗೊಂಡು ಪಾಸಾದ. ಅಲ್ಲೇ ಕೆಮಿಸ್ಟ್ರಿ ಪಾಠ ಮಾಡ್ತಾ ಫುಟ್‌ಬಾಲ್ ಟೀಮಿಗೆ ಅಸಿಸ್ಟೆಂಟ್ ಕೋಚ್ ಆದ. ಲ್ಯಾಬ್‌ನಲ್ಲೇ ಉಳಿದಿದ್ದರೆ ಬಹುಶಃ ನಿಯೋಪ್ರೀನ್ ಕಥೆಯಲ್ಲಿ ಆತನ ಹೆಸರೂ ಇರ್ತಿತ್ತೋ ಏನೋ.

ಬೀಚ್‌ನಲ್ಲಿ ಮಾಡಿದ ಹೋಂವರ್ಕ್

ಕೋಚ್ ಆಗೋ ಮೊದಲೇ ಆತನ ಹೆಸರು ದೇಶಕ್ಕೆ ಗೊತ್ತಾಗಿತ್ತು. ಚೆಂಡನ್ನು ಮುಂದಕ್ಕೆ ಎಸೆಯೋದು, ಅಂದ್ರೆ ಫಾರ್ವರ್ಡ್ ಪಾಸ್, 1906ರಲ್ಲೇ ನಿಯಮಕ್ಕೆ ಬಂದಿತ್ತು. ಆದರೆ ದೊಡ್ಡ ಕಾಲೇಜುಗಳು ಅದನ್ನು ಸೀರಿಯಸ್ ಆಗಿ ತಗೊಂಡಿರಲಿಲ್ಲ. ಮೈಭಾರ ಇರೋ ಹುಡುಗರನ್ನು ಸೇರಿಸಿ ಗೋಡೆ ಥರ ನುಗ್ಗೋದೇ ಆಟ ಅಂದ್ಕೊಂಡಿದ್ರು. 1913ರ ಬೇಸಿಗೆಯಲ್ಲಿ ರಾಕ್ನಿ ಮತ್ತು ಆತನ ಗೆಳೆಯ ಗಸ್ ಡೊರೇ, ಈರೀ ಸರೋವರದ ದಂಡೆಯ ಸೀಡರ್ ಪಾಯಿಂಟ್ ರೆಸಾರ್ಟಿನಲ್ಲಿ ಕೆಲಸಕ್ಕೆ ಸೇರಿದ್ರು. ಬಿಡುವು ಸಿಕ್ಕಾಗಲೆಲ್ಲ ಮರಳಿನ ಮೇಲೆ ಡೊರೇ ಎಸೆಯೋದು, ರಾಕ್ನಿ ಓಡ್ತಾ ಓಡ್ತಾನೇ ಹಿಡಿಯೋದು.

ಅದೇ ನವೆಂಬರ್ 1ಕ್ಕೆ ವೆಸ್ಟ್ ಪಾಯಿಂಟ್‌ನಲ್ಲಿ ಆರ್ಮಿ ಟೀಮ್ ವಿರುದ್ಧ ಮ್ಯಾಚ್. ಆರ್ಮಿ ದೈತ್ಯ ಟೀಮ್, ನೋಟರ್ ಡೇಮ್ ಯಾರಿಗೂ ಗೊತ್ತಿಲ್ಲದ ಪುಟ್ಟ ಕಾಲೇಜು. ಡೊರೇ ಪಾಸ್ ಮೇಲೆ ಪಾಸ್ ಎಸೆದ. ಆರ್ಮಿ ಹುಡುಗರಿಗೆ ಯಾರನ್ನು ಹಿಡೀಬೇಕು ಅಂತಲೇ ತಿಳೀಲಿಲ್ಲ. ಸ್ಕೋರ್ 35-13, ಗೆದ್ದಿದ್ದು ನೋಟರ್ ಡೇಮ್. ಫಾರ್ವರ್ಡ್ ಪಾಸನ್ನು ಇವರು ಕಂಡುಹಿಡಿಯಲಿಲ್ಲ, ಆದರೆ ಅದರಿಂದ ದೊಡ್ಡವರನ್ನೂ ಸೋಲಿಸಬಹುದು ಅಂತ ತೋರಿಸಿಕೊಟ್ಟರು.

ಯಾರೂ ಸೇರಿಸಿಕೊಳ್ಳದ ಟೀಮ್

ರಾಕ್ನಿ 1918ರಲ್ಲಿ ಹೆಡ್ ಕೋಚ್ ಆದ. ಆಗಿನ ಸಮಸ್ಯೆ ಏನಂದ್ರೆ, ಅಕ್ಕಪಕ್ಕದ ದೊಡ್ಡ ಯೂನಿವರ್ಸಿಟಿಗಳು ನೋಟರ್ ಡೇಮ್ ಜೊತೆ ಆಡೋಕೆ ಮನಸ್ಸು ಮಾಡ್ತಿರಲಿಲ್ಲ. ಮಿಷಿಗನ್ 1909ರಲ್ಲಿ ಸೋತ ಮೇಲೆ 1942ರವರೆಗೂ ಇವರ ಜೊತೆ ಆಡಲೇ ಇಲ್ಲ. ಆ ಭಾಗದ ದೊಡ್ಡ ಕೂಟವಾದ ಬಿಗ್ ಟೆನ್ ಕೂಡ ಸೇರಿಸಿಕೊಳ್ಳಲಿಲ್ಲ. ಇದರ ಹಿಂದೆ ಕ್ಯಾಥೊಲಿಕ್ ದ್ವೇಷವೂ ಇತ್ತು. ಆ ಕಾಲದಲ್ಲಿ ಇಂಡಿಯಾನಾದಲ್ಲಿ ಕು ಕ್ಲಕ್ಸ್ ಕ್ಲಾನ್ ತುಂಬಾ ಬಲವಾಗಿತ್ತು. 1924ರ ಮೇ ತಿಂಗಳಲ್ಲಿ ಸೌತ್ ಬೆಂಡ್ ಬೀದಿಯಲ್ಲೇ ಕ್ಲಾನ್‌ನವರಿಗೂ ನೋಟರ್ ಡೇಮ್ ವಿದ್ಯಾರ್ಥಿಗಳಿಗೂ ಹೊಡೆದಾಟ ಆಯ್ತು.

ಹತ್ತಿರದವರು ಬಾಗಿಲು ಹಾಕಿದ್ದಕ್ಕೆ ರಾಕ್ನಿ ದೂರದವರ ಬಾಗಿಲು ತಟ್ಟಿದ. ನ್ಯೂಯಾರ್ಕ್, ಅಟ್ಲಾಂಟಾ, ಲಾಸ್ ಏಂಜಲೀಸ್ ಅಂತ ಟೀಮನ್ನು ರೈಲಿನಲ್ಲಿ ಕರ್ಕೊಂಡು ಹೋದ. ಹೋದಲ್ಲೆಲ್ಲ ಐರಿಷ್, ಇಟಾಲಿಯನ್, ಪೋಲಿಷ್ ವಲಸಿಗರು ಸ್ಟೇಡಿಯಂಗೆ ಬಂದ್ರು. ಕಾಲೇಜಿನ ಮೆಟ್ಟಿಲು ಹತ್ತದ ಕೂಲಿಕಾರರಿಗೂ ಅದು ತಮ್ಮದೇ ಟೀಮ್ ಆಯ್ತು. ಸ್ಟೂಡೆಂಟ್‌ಗಳನ್ನೇ ಪಬ್ಲಿಸಿಟಿ ಕೆಲಸಕ್ಕೆ ಇಟ್ಟುಕೊಂಡು ಪತ್ರಿಕೆಗಳಿಗೆ ಸುದ್ದಿ ಕಳಿಸ್ತಿದ್ದ. 1924ರಲ್ಲಿ ಆರ್ಮಿ ವಿರುದ್ಧ 13-7ರಿಂದ ಗೆದ್ದಾಗ ಪತ್ರಕರ್ತ ಗ್ರಾಂಟ್‌ಲಂಡ್ ರೈಸ್, ನೋಟರ್ ಡೇಮ್‌ನ ನಾಲ್ಕು ಬ್ಯಾಕ್ ಆಟಗಾರರನ್ನು ಬೈಬಲ್ಲಿನ ನಾಲ್ಕು ಕುದುರೆ ಸವಾರರಿಗೆ ಹೋಲಿಸಿ ಬರೆದ. ಪಬ್ಲಿಸಿಟಿ ಹುಡುಗ ತಕ್ಷಣ ನಾಲ್ಕು ಕುದುರೆ ತರಿಸಿ, ಆ ನಾಲ್ವರನ್ನೂ ಕೂರಿಸಿ ಫೋಟೋ ತೆಗೆಸಿದ. ಆ ಫೋಟೋ ದೇಶದ ತುಂಬಾ ಓಡಾಡ್ತು. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ವೈರಲ್.

ಹೊಸ ಹುಡುಗರನ್ನು ಹುಡುಕೋ ದಾರಿಯೂ ಬೇರೆ. ಕಾಲೇಜಿನ ಹಳೇ ವಿದ್ಯಾರ್ಥಿಗಳು ತಮ್ಮ ಊರಲ್ಲಿ ಚೆನ್ನಾಗಿ ಆಡೋ ಹುಡುಗನ ಬಗ್ಗೆ ಹೇಳ್ತಿದ್ರು. ಬಂದವರಿಗೆ ಮೆಸ್‌ನಲ್ಲಿ ಬಡಿಸೋದು ಅಂಥ ಕ್ಯಾಂಪಸ್ ಕೆಲಸ ಕೊಟ್ಟು ಫೀಸ್ ಸರಿದೂಗಿಸ್ತಿದ್ರು. ಜೊತೆಗೆ ಹಾಸ್ಟೆಲ್ ಹಾಸ್ಟೆಲ್‌ಗಳ ನಡುವೆ ನಡೆಯೋ ಲೀಗ್ ಇತ್ತು, ಅಲ್ಲಿ ಮಿಂಚಿದವರು ಮೇಲೆ ಬರ್ತಿದ್ರು. ಮ್ಯಾಚ್ ಶುರುವಿನಲ್ಲಿ ಎರಡನೇ ಟೀಮನ್ನು ಇಳಿಸಿ, ಎದುರಾಳಿ ಸುಸ್ತಾದ ಮೇಲೆ ಮೊದಲ ಟೀಮನ್ನು ಕಳಿಸೋದು ಆತನ ಒಂದು ಉಪಾಯ. ಚೆಂಡು ಬರೋ ಮುಂಚೆ ನಾಲ್ಕು ಬ್ಯಾಕ್‌ಗಳು ಒಂದೇ ತಾಳದಲ್ಲಿ ಜಾಗ ಬದಲಿಸೋದು ಇನ್ನೊಂದು. ಅದನ್ನು ತಡೆಯೋಕೆ ಆಗದೆ ಕೊನೆಗೆ ಜಾಗ ಬದಲಿಸಿದ ಮೇಲೆ ಒಂದು ಸೆಕೆಂಡ್ ನಿಲ್ಲಲೇಬೇಕು ಅಂತ ನಿಯಮವನ್ನೇ ತಂದ್ರು.

ಗಿಪ್ ಮತ್ತು ಒಂದು ಮಾತು

ರಾಕ್ನಿ ಕಂಡ ಆಟಗಾರರಲ್ಲಿ ಎಲ್ಲರಿಗಿಂತ ದೊಡ್ಡವನು ಜಾರ್ಜ್ ಗಿಪ್. ಬೇಸ್‌ಬಾಲ್ ಆಡೋಕೆ ಅಂತ ಬಂದವನು. ಸುಮ್ಮನೆ ಚೆಂಡು ಒದೀತಾ ನಿಂತಿದ್ದಾಗ ರಾಕ್ನಿ ಕಣ್ಣಿಗೆ ಬಿದ್ದ. ಮೈದಾನದಲ್ಲಿ ಅದ್ಭುತ, ಕ್ಲಾಸಿಗೆ ಮಾತ್ರ ಚಕ್ಕರ್. ಇಸ್ಪೀಟು, ಪೂಲ್ ಟೇಬಲ್, ಬೆಟ್ಟಿಂಗ್ ಎಲ್ಲ ಇತ್ತು. 1920ರಲ್ಲಿ ಕಾಲೇಜು ಆತನನ್ನು ಹೊರಗೆ ಹಾಕಿತು. ಬೇರೆ ಕಾಲೇಜುಗಳು ತಕ್ಷಣ ಬಲೆ ಬೀಸಿದ್ವು. ಊರಿನವರು ಬೇಡಿಕೊಂಡ್ರು, ಕಾಲೇಜು ವಾಪಸ್ ಸೇರಿಸಿಕೊಂಡಿತು. ಆ ಸೀಸನ್‌ನಲ್ಲಿ ಅತ್ಯುತ್ತಮವಾಗಿ ಆಡಿದ ಗಿಪ್, ಗಂಟಲು ಸೋಂಕು ನ್ಯುಮೋನಿಯಾಕ್ಕೆ ತಿರುಗಿ ಡಿಸೆಂಬರ್ 14ರಂದು ಸತ್ತ. ವಯಸ್ಸು 25. ಆಗ ಆಂಟಿಬಯಾಟಿಕ್ ಇರಲಿಲ್ಲ.

ಎಂಟು ವರ್ಷ ಆದ ಮೇಲೆ, 1928ರಲ್ಲಿ, ರಾಕ್ನಿ ಟೀಮ್ ತೀರಾ ದುರ್ಬಲವಾಗಿತ್ತು. ನವೆಂಬರ್ 10ರಂದು ಯಾಂಕೀ ಸ್ಟೇಡಿಯಂನಲ್ಲಿ ಮತ್ತೆ ಆರ್ಮಿ. ಆ ದಿನ ಲಾಕರ್ ರೂಮಿನಲ್ಲಿ ರಾಕ್ನಿ ಗಿಪ್ ಕಥೆ ಹೇಳಿದ. ಸಾಯೋ ಮೊದಲು ಗಿಪ್ ತನ್ನ ಹತ್ತಿರ, ಮುಂದೆ ಯಾವಾಗಲಾದರೂ ಟೀಮ್ ತೀರಾ ಕಷ್ಟದಲ್ಲಿದ್ದಾಗ ತನಗೋಸ್ಕರ ಒಂದು ಮ್ಯಾಚ್ ಗೆಲ್ಲೋಕೆ ಹುಡುಗರಿಗೆ ಹೇಳು ಅಂತ ಕೇಳಿಕೊಂಡಿದ್ದ ಅಂತ ಹೇಳಿದ. ಹುಡುಗರು 12-6ರಿಂದ ಗೆದ್ದು ಬಂದ್ರು.

ಗಿಪ್ ನಿಜವಾಗಿ ಹಾಗೆ ಕೇಳಿದ್ದನಾ? ಅನೇಕ ಇತಿಹಾಸಕಾರರಿಗೆ ನಂಬಿಕೆ ಇಲ್ಲ. ಹುಡುಗರನ್ನು ಕೆರಳಿಸೋಕೆ ರಾಕ್ನಿ ಕಥೆ ಕಟ್ಟೋದು ಹೊಸದೇನಲ್ಲ. ನನಗೆ ಈ ಭಾಗ ಓದುವಾಗ ಸ್ವಲ್ಪ ಕಸಿವಿಸಿ ಆಯ್ತು. ಸತ್ತ ಗೆಳೆಯನ ಹೆಸರಲ್ಲಿ ಸುಳ್ಳು ಹೇಳಿ ಗೆದ್ದರೆ ಅದು ಗೆಲುವಾ? ಆದರೆ ಲಾಕರ್ ರೂಮಿನಲ್ಲಿ ಕೂತಿದ್ದ ಹುಡುಗರು ಆ ದಿನವನ್ನು ಸಾಯೋವರೆಗೂ ಮರೀಲಿಲ್ಲ ಅನ್ನೋದೂ ಅಷ್ಟೇ ನಿಜ. 1940ರಲ್ಲಿ ಬಂದ ಸಿನಿಮಾದಲ್ಲಿ ಗಿಪ್ ಪಾತ್ರ ಮಾಡಿದವನು ರೊನಾಲ್ಡ್ ರೇಗನ್. ಮುಂದೆ ಅಮೆರಿಕದ ಅಧ್ಯಕ್ಷನಾದಾಗಲೂ ಆತನಿಗೆ ಗಿಪ್ ಹೆಸರೇ ಅಂಟಿಕೊಂಡಿತ್ತು.

ಎಂಜಿನಿಯರ್‌ಗಳು ಕೊಟ್ಟ ಪೆಟ್ಟು

ಈಗ ನಮ್ಮವರ ವಿಷಯ. 1926ರಲ್ಲಿ ನೋಟರ್ ಡೇಮ್ ಎಂಟಕ್ಕೆ ಎಂಟೂ ಗೆದ್ದಿತ್ತು. ಮುಂದಿನ ಮ್ಯಾಚ್ ಪಿಟ್ಸ್‌ಬರ್ಗ್‌ನ ಕಾರ್ನೆಗೀ ಟೆಕ್ ವಿರುದ್ಧ. ನಮ್ಮಲ್ಲಿ ಎಷ್ಟೋ ಜನ ಎಂಎಸ್‌ಗೆ ಕನಸು ಕಾಣೋ ಕಾರ್ನೆಗೀ ಮೆಲನ್ ಇದೆಯಲ್ಲ, ಅದೇ. ಎಂಜಿನಿಯರಿಂಗ್ ಹುಡುಗರು ಏನು ಮಾಡ್ತಾರೆ ಅಂದುಕೊಂಡು ರಾಕ್ನಿ ಟೀಮನ್ನು ಅಸಿಸ್ಟೆಂಟ್ ಕೈಗೆ ಕೊಟ್ಟು, ತಾನು ಷಿಕಾಗೋದಲ್ಲಿ ಆರ್ಮಿ-ನೇವಿ ಮ್ಯಾಚ್ ನೋಡೋಕೆ ಹೋದ. ಕಾರ್ನೆಗೀ ಟೆಕ್ 19-0ರಿಂದ ಗೆದ್ದಿತು. ಸೋಲರಿಯದ ಸೀಸನ್ ಹೋಯ್ತು.

ಅಷ್ಟೇ ಅಲ್ಲ. 1928ರಲ್ಲಿ ಗಿಪ್ ಹೆಸರಲ್ಲಿ ಆರ್ಮಿಯನ್ನು ಸೋಲಿಸಿದ ಒಂದೇ ವಾರಕ್ಕೆ ಅದೇ ಕಾರ್ನೆಗೀ ಟೆಕ್ ಸೌತ್ ಬೆಂಡ್‌ಗೇ ಬಂದು 27-7ರಿಂದ ಹೊಡೆಯಿತು. ನೋಟರ್ ಡೇಮ್ ತವರಲ್ಲಿ ಸೋತಿದ್ದು 1905ರ ನಂತರ ಅದೇ ಮೊದಲು. ಭಾವುಕ ಭಾಷಣ ಪ್ರತಿ ಶನಿವಾರ ಕೆಲಸ ಮಾಡಲ್ಲ. ಆ ವರ್ಷ ಐದು ಗೆಲುವು, ನಾಲ್ಕು ಸೋಲು. ರಾಕ್ನಿಯ ಅತಿ ಕೆಟ್ಟ ಸೀಸನ್.

ಮರುವರ್ಷ ಕಾಲಿನ ರಕ್ತನಾಳದ ಉರಿಯೂತ ಬಂತು. ರಕ್ತದ ಗಡ್ಡೆ ಹೃದಯಕ್ಕೆ ಹೋದ್ರೆ ಜೀವಕ್ಕೇ ಅಪಾಯ. ಆದ್ರೂ ಗಾಲಿಕುರ್ಚಿಯಲ್ಲಿ ಕೂತು ಕೋಚಿಂಗ್ ಮಾಡಿದ. ಹೊಸ ಸ್ಟೇಡಿಯಂ ಕಟ್ಟುತ್ತಿದ್ದರಿಂದ ಒಂಬತ್ತೂ ಮ್ಯಾಚ್ ಹೊರಗೇ. ಕಾರ್ನೆಗೀ ಟೆಕ್ ಮ್ಯಾಚಿಗೆ ಮಾತ್ರ ಈ ಸಲ ಆತ ತಪ್ಪಿಸಿಕೊಳ್ಳಲಿಲ್ಲ. 7-0ರಿಂದ ಗೆದ್ದರು. ಒಂಬತ್ತೂ ಗೆದ್ದರು. 1930ರಲ್ಲಿ 54,000 ಜನ ಕೂರೋ ಹೊಸ ಸ್ಟೇಡಿಯಂ ತೆರೆಯಿತು, ಆ ವರ್ಷ ಹತ್ತಕ್ಕೆ ಹತ್ತು. ಕೊನೆಯ ಮ್ಯಾಚ್‌ನಲ್ಲಿ ಕ್ಯಾಲಿಫೋರ್ನಿಯಾದ ವೈರಿ ಯುಎಸ್‌ಸಿಯನ್ನು 27-0ರಿಂದ ಮಣಿಸಿದರು. ಒಟ್ಟು 13 ಸೀಸನ್, 105 ಗೆಲುವು, 12 ಸೋಲು, 5 ಡ್ರಾ. ಲೆಕ್ಕ ಹಾಕಿದ್ರೆ 88.1 ಪರ್ಸೆಂಟ್. ನಮ್ಮ ಯಾವ ಸೆಮಿಸ್ಟರಿನಲ್ಲೂ ನನಗೆ ಬಂದಿಲ್ಲ.

ರೆಕ್ಕೆಯೊಳಗಿನ ಅಂಟು

1931ರ ಮಾರ್ಚ್ 31. ಒಂದು ಸಿನಿಮಾ ಕೆಲಸಕ್ಕೆ ಲಾಸ್ ಏಂಜಲೀಸ್‌ಗೆ ಹೋಗಬೇಕಿತ್ತು. ಕಾನ್ಸಾಸ್ ಸಿಟಿಯಿಂದ ಟಿಡಬ್ಲ್ಯುಎ ಕಂಪನಿಯ ಫಾಕರ್ ಎಫ್-10 ವಿಮಾನ ಹತ್ತಿದ. ಕಾನ್ಸಾಸ್‌ನ ಬಜಾರ್ ಅನ್ನೋ ಹಳ್ಳಿಯ ಹತ್ತಿರ ಗಾಳಿಯಲ್ಲೇ ರೆಕ್ಕೆ ಕಳಚಿತು. ಎಂಟೂ ಜನ ಸತ್ತರು. ರಾಕ್ನಿಗೆ 43 ವರ್ಷ. ಹೆಂಡತಿ, ನಾಲ್ಕು ಮಕ್ಕಳು. ಅಂತ್ಯಕ್ರಿಯೆ ರೇಡಿಯೋದಲ್ಲಿ ದೇಶಕ್ಕೆಲ್ಲ ಪ್ರಸಾರ ಆಯ್ತು. ನಾರ್ವೆಯ ರಾಜ ತನ್ನ ಪ್ರತಿನಿಧಿಯನ್ನು ಕಳಿಸಿದ.

ಆ ರೆಕ್ಕೆ ಮರದ್ದು. ಒಳಗೆ ಮರದ ತೊಲೆ, ಮೇಲೆ ಪ್ಲೈವುಡ್, ಎಲ್ಲವನ್ನೂ ಹಿಡಿದಿಟ್ಟಿದ್ದು ಅಂಟು. ತೇವ ಒಳಗೆ ಇಳಿದರೆ ಅಂಟು ನಿಧಾನಕ್ಕೆ ಬಿಡುತ್ತೆ. ಹೊರಗಿಂದ ನೋಡಿದ್ರೆ ಏನೂ ಕಾಣಲ್ಲ. ಪರೀಕ್ಷೆ ಮಾಡಬೇಕಂದ್ರೆ ಪ್ಲೈವುಡ್ಡನ್ನೇ ಕಿತ್ತು ನೋಡಬೇಕು, ಹಾಗೆ ಯಾರು ಮಾಡ್ತಾರೆ? ಆಗ ಅಪಘಾತದ ಕಾರಣಗಳನ್ನು ಸರ್ಕಾರ ಗುಟ್ಟಾಗಿ ಇಡ್ತಿತ್ತು. ಸತ್ತಿದ್ದು ರಾಕ್ನಿ ಆದ್ದರಿಂದ ಜನ ಸುಮ್ಮನಿರಲಿಲ್ಲ, ಸರ್ಕಾರ ಬಾಯಿ ಬಿಡಬೇಕಾಯ್ತು. ಆ ಮಾದರಿಯ ವಿಮಾನಗಳನ್ನು ತಪಾಸಣೆಗೆ ಅಂತ ನೆಲಕ್ಕಿಳಿಸಿದರು. ಮರದ ರೆಕ್ಕೆಯ ಪ್ರಯಾಣಿಕ ವಿಮಾನಗಳ ಕಾಲ ಮುಗಿಯಿತು. ಮರುವರ್ಷ ಟಿಡಬ್ಲ್ಯುಎ ಪೂರ್ತಿ ಲೋಹದ ವಿಮಾನ ಬೇಕು ಅಂತ ಕಂಪನಿಗಳನ್ನು ಕೇಳಿತು. ಡಗ್ಲಸ್ ಕಂಪನಿ ಕೊಟ್ಟ ಉತ್ತರ ಡಿಸಿ-1. ಅದರ ಮುಂದಿನ ರೂಪವೇ ಡಿಸಿ-3, ಅಂದ್ರೆ ನಮ್ಮ ಹಿರಿಯರು ಡಕೋಟಾ ಅಂತ ಕರೀತಿದ್ದ ವಿಮಾನ. ಎರಡನೇ ಮಹಾಯುದ್ಧದ ಕಾಲದಲ್ಲಿ ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ರಿಪೇರಿ ಆಗಿದ್ದೂ ಅದೇ. 1947ರಲ್ಲಿ ನಮ್ಮ ಸೈನಿಕರನ್ನು ಶ್ರೀನಗರಕ್ಕೆ ಇಳಿಸಿದ್ದೂ ಅದೇ.

ರಾಕ್ನಿ ಗೆದ್ದ ಮ್ಯಾಚ್‌ಗಳ ಸ್ಕೋರ್ ಅಲ್ಲಿನ ಅಭಿಮಾನಿಗಳಿಗೆ ಬಾಯಿಪಾಠ. ನನಗೆ ಮಾತ್ರ ಮೆಟೀರಿಯಲ್ಸ್ ಕ್ಲಾಸಿನಲ್ಲಿ ಕೂತಾಗ ಆ ಅಂಟು ನೆನಪಾಗುತ್ತೆ. ಕಾಣದ ಜಾಗದಲ್ಲಿ ಏನಾಗ್ತಿದೆ ಅಂತ ಯಾರೂ ತೆರೆದು ನೋಡಿರಲಿಲ್ಲ. ಕಾರ್ನೆಗೀ ಟೆಕ್ ಮ್ಯಾಚಿನ ದಿನ ರಾಕ್ನಿ ಮಾಡಿದ ತಪ್ಪೂ ಹೆಚ್ಚುಕಮ್ಮಿ ಅದೇ ಅಲ್ವಾ? ಎಲ್ಲ ಸರಿ ಇದೆ ಅಂದುಕೊಂಡು ನೋಡದೇ ಇದ್ದದ್ದು. ಅದಕ್ಕೆ ಆತ ತೆತ್ತಿದ್ದು ಒಂದು ಮ್ಯಾಚ್. ರೆಕ್ಕೆಗೆ ತೆತ್ತಿದ್ದು ಎಂಟು ಜೀವ.